ಪೂರ್ತಿ ತೆಗೆದುಬಿಡಿ ಡಾಕ್ಟ್ರೇ

"ಪೂರ್ತಿ ತೆಗೆದುಬಿಡಿ ಡಾಕ್ಟ್ರೇ, ಮತ್ತೆ ಬರಬಾರದು." ಸ್ತನ ಕ್ಯಾನ್ಸರ್ ಎಂದು ಬಯಾಪ್ಸಿ ವರದಿ ಬಂದ ದಿನ ಈ ಮಾತು ಆಡುವುದು ಹೆಚ್ಚಾಗಿ ರೋಗಿಯಲ್ಲ, ಪಕ್ಕದಲ್ಲಿ ಕೂತ ಗಂಡನೋ ಮಗನೋ. ಕಳೆಯನ್ನು ಬೇರುಸಹಿತ ಕಿತ್ತರೆ ಮತ್ತೆ ಹುಟ್ಟದು ಎಂಬ ಹೊಲದ ಲೆಕ್ಕ ಅದು. ನಮ್ಮ ಕಸುಬಿನವರೂ ಬಹುಕಾಲ ಹಾಗೇ ನಂಬಿದ್ದರು. ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ 19ನೇ ಶತಮಾನದ ಕೊನೆಯಲ್ಲಿ ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ಕತ್ತರಿಸಿ ತೆಗೆಯುತ್ತಿದ್ದರು.

1973ರಿಂದ 1980ರವರೆಗೆ ಇಟಲಿಯ ಮಿಲಾನ್‌ನಲ್ಲಿ ಸರ್ಜನ್ ಉಂಬರ್ಟೊ ವೆರೊನೇಸಿ, ಗಡ್ಡೆ 2 ಸೆಂ.ಮೀ. ಮೀರದ 701 ಮಹಿಳೆಯರಲ್ಲಿ ಕೆಲವರಿಗೆ ಆ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿದರು, ಉಳಿದವರಿಗೆ ಗಡ್ಡೆಯಿದ್ದ ಭಾಗವನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರು. 20 ವರ್ಷ ಕಳೆದರೂ ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಳಿಸಿಕೊಂಡ ಸ್ತನದಲ್ಲಿ ರೋಗ ಮರುಕಳಿಸಿದ್ದು ತುಸು ಹೆಚ್ಚು, ಅದನ್ನು ರೋಗಿಯಿಂದ ಮುಚ್ಚಿಡಬಾರದು. ಆದರೆ ಜೀವ ತೆಗೆಯುವುದು ಮೂಳೆ, ಶ್ವಾಸಕೋಶ, ಯಕೃತ್ತಿಗೆ ಹರಡಿದ ರೋಗ. ಅಲ್ಲಿಗಾಗಲೇ ಹೊರಟ ಕಣಗಳನ್ನು ಎದೆಯ ಮೇಲಿನ ಚಾಕು, ಎಷ್ಟೇ ಆಳಕ್ಕೆ ಇಳಿದರೂ, ಹಿಡಿಯಲಾರದು.

ಆದರೆ ಸ್ತನ ಉಳಿಸಿಕೊಂಡರೆ ಆಮೇಲೆ ರೇಡಿಯೇಷನ್ ಬೇಕು. ಹಾಗಾಗಿ ನನ್ನ ಮೊದಲ ಪ್ರಶ್ನೆ ಗಡ್ಡೆಯ ಬಗ್ಗೆ ಅಲ್ಲ, "ಕರೆಂಟ್ ಇಡಿಸಿಕೊಳ್ಳೋಕೆ ದಿನಾ ಬರ್ತೀರಾ?" ಎಂಬುದು. ಜನ ರೇಡಿಯೇಷನ್‌ಗೆ ಇಟ್ಟ ಹೆಸರು ಅದು. ಅಮೆರಿಕದ ಬರ್ನಾರ್ಡ್ ಫಿಶರ್ ತಂಡದ ಅಧ್ಯಯನದಲ್ಲಿ, ಗಡ್ಡೆ ಮಾತ್ರ ತೆಗೆಸಿ ರೇಡಿಯೇಷನ್ ಪಡೆಯದವರಲ್ಲಿ 20 ವರ್ಷದಲ್ಲಿ ಶೇ. 39ರಷ್ಟು ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತು, ಪಡೆದವರಲ್ಲಿ ಶೇ. 14. ಹಿಂದೆ ಐದಾರು ವಾರ ಹಿಡಿಯುತ್ತಿದ್ದುದು ಈಗ ಅನೇಕರಿಗೆ ಮೂರು ವಾರಕ್ಕೆ ಇಳಿದಿದೆ. ಹಾಗಿದ್ದರೂ ಯಾದಗಿರಿಯ ಹಳ್ಳಿಯಿಂದ ಬೆಂಗಳೂರಿಗೆ ಬಂದವರಿಗೆ ಮೂರು ವಾರದ ಬಾಡಿಗೆ ಕೋಣೆ, ಊಟ, ಕಳೆದುಕೊಂಡ ಕೂಲಿ ಸಣ್ಣದಲ್ಲ. ಅಂಥವರು ಪೂರ್ತಿ ತೆಗೆಸಿಕೊಂಡರೆ ತಪ್ಪೇನಿಲ್ಲ, ಆದರೆ ಕೆಲವರಿಗೆ ಆಮೇಲೂ ರೇಡಿಯೇಷನ್ ತಪ್ಪುವುದಿಲ್ಲ.

ಸ್ತನದ ಬೇರೆ ಬೇರೆ ಕಡೆ ಗಡ್ಡೆಗಳಿದ್ದರೆ, ಎದೆಗೆ ಮೊದಲೇ ರೇಡಿಯೇಷನ್ ಆಗಿದ್ದರೆ ಉಳಿಸುವುದು ಕಷ್ಟ. ಗಡ್ಡೆ ದೊಡ್ಡದೆಂದ ಮಾತ್ರಕ್ಕೆ ಕೈಬಿಡಬೇಕಿಲ್ಲ: ಮೊದಲು ಕೀಮೋ ಕೊಟ್ಟು ಕುಗ್ಗಿಸಬಹುದು. ಪೂರ್ತಿ ಕರಗಿಹೋದರೂ ಜಾಗ ಗೊತ್ತಾಗಲೆಂದು ಮುಂಚೆಯೇ ಒಳಗೆ ಪುಟ್ಟ ಲೋಹದ ಕ್ಲಿಪ್ ಇಟ್ಟಿರುತ್ತೇವೆ.

ಇನ್ನೊಂದನ್ನು ಮೊದಲೇ ಹೇಳಿಬಿಡುತ್ತೇನೆ. ತೆಗೆದ ತುಂಡಿನ ಅಂಚಿಗೆ ಪೆಥಾಲಜಿಯವರು ಶಾಯಿ ಬಳಿದು ನೋಡುತ್ತಾರೆ. ಕ್ಯಾನ್ಸರ್ ಕಣ ಆ ಶಾಯಿಯನ್ನು ಮುಟ್ಟಿದ್ದರೆ ಒಳಗೆ ಇನ್ನೂ ಉಳಿದಿರಬಹುದು, ಇನ್ನೊಮ್ಮೆ ಆಪರೇಷನ್ ಬೇಕಾಗಬಹುದು.

ಮೊನ್ನೆ ಇಷ್ಟೆಲ್ಲ ಹೇಳಿ, ಮನೆಯವರನ್ನು ಹೊರಗೆ ಕೂರಲು ಕಳಿಸಿದೆ. ಅಲ್ಲಿಯವರೆಗೆ ಸೆರಗು ಬಿಗಿಹಿಡಿದು ಸುಮ್ಮನೆ ಕೂತಿದ್ದ ಆಕೆ ಕೇಳಿದ್ದು ಒಂದೇ: "ಭಾನುವಾರನೂ ಕರೆಂಟ್ ಇರ್ತದಾ ಸರ್?"

ಇಲ್ಲಮ್ಮ ಎಂದೆ. ಬೆರಳು ಮಡಚಿ ದಿನ ಎಣಿಸತೊಡಗಿದರು.