ಪಾರಿವಾಳದ ಹೊಲಕ್ಕೆ ಹೊರಡುವ ಮುನ್ನ: ಮೊದಲ ಇನ್ನೂರು ಪೌಂಡ್ ಎಲ್ಲಿ ಹಾಕಬೇಕು?

ಲಿಂಕನ್‌ಷೈರಿನ ಜಮೀನೊಂದರಲ್ಲಿ ಕೆಲಸಕ್ಕೆ ಸೇರಿರುವ ಧಾರವಾಡದ ಯುವಕನೊಬ್ಬ ಚಳಿಗಾಲದ ಆರಂಭದಲ್ಲಿ ನನಗೊಂದು ಪಟ್ಟಿ ಕಳುಹಿಸಿದ. "ಸರ್, ಕೋವಿಯ ಪರವಾನಗಿ ಬಂತು. ಕೈಯಲ್ಲಿ ಇನ್ನೂರು ಪೌಂಡ್ ಇದೆ. ಇದರಲ್ಲಿ ಯಾವುದನ್ನು ಮೊದಲು ಕೊಳ್ಳಲಿ?" ಪಟ್ಟಿಯ ತಲೆಯಲ್ಲಿ ಹಕ್ಕಿಗಳನ್ನು ಸೆಳೆಯಲು ಬ್ಯಾಟರಿಯಿಂದ ತಿರುಗುವ ಯಂತ್ರವಿತ್ತು. ಕಟ್ಟಕಡೆಗೆ, ಪ್ರಶ್ನಾರ್ಥಕ ಚಿಹ್ನೆಯೊಂದಿಗೆ, ಅಡಗಿ ಕೂರುವ ಮರೆಬಲೆ. ಪಟ್ಟಿಯನ್ನು ತಲೆಕೆಳಗು ಮಾಡು ಎಂದು ಉತ್ತರ ಬರೆದೆ. ಪಾರಿವಾಳ ಹೊಡೆದು ಬೆಳೆ ಕಾಯುವ ಈ ಕೆಲಸದಲ್ಲಿ ಹೊಸಬರಿಗೆಲ್ಲ ನಾನು ಹೇಳುವುದು ಅದನ್ನೇ.

ಊರಿನ ಓದುಗರಿಗೆ ಎರಡು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಇಲ್ಲಿ ಬರೆದದ್ದು ಇಂಗ್ಲೆಂಡಿನ ಹೊಲಗಳಿಗೆ ಮಾತ್ರ ಸಲ್ಲುತ್ತದೆ. ಇಲ್ಲಿನ ವುಡ್‌ಪಿಜನ್ ನಮ್ಮ ಗೋಪುರದ ಪಾರಿವಾಳಕ್ಕಿಂತ ದಪ್ಪ. ಚಳಿಗಾಲದಲ್ಲಿ ಹಿಂಡು ಹಿಂಡಾಗಿ ಇಳಿದು ರೇಪ್ ಬೆಳೆಯ, ಅಂದರೆ ನಮ್ಮ ಸಾಸಿವೆಯ ದಾಯಾದಿಯ, ಎಳೆ ಎಲೆಗಳನ್ನು ದಂಟು ಉಳಿಯುವಂತೆ ಕಿತ್ತು ತಿನ್ನುತ್ತದೆ. ವಸಂತದಲ್ಲಿ ಬಟಾಣಿ, ಜುಲೈನಲ್ಲಿ ಗಾಳಿಗೆ ಮಲಗಿದ ಗೋಧಿ, ಬಾರ್ಲಿ. ಬೆಳೆಗೆ ಗಂಭೀರ ಹಾನಿಯಾಗುವಲ್ಲಿ ಜಿಎಲ್42 ಎಂಬ ಸಾಮಾನ್ಯ ಪರವಾನಗಿಯ ಷರತ್ತಿಗೆ ಒಳಪಟ್ಟು ಈ ಹಕ್ಕಿಗಳನ್ನು ಹೊಡೆಯಬಹುದು. ಹೆದರಿಸಿ ಓಡಿಸುವ ಉಪಾಯಗಳನ್ನೂ ಮಾಡಬೇಕು, ಜಮೀನಿನ ಒಡೆಯರ ಒಪ್ಪಿಗೆಯೂ ಬೇಕು. ಷರತ್ತುಗಳನ್ನು ಪ್ರತಿ ವರ್ಷ ಹೊಸದಾಗಿ ಓದಿ.

ಹಾಗಾದರೆ ಮೊದಲ ಖರ್ಚು ಯಾವುದು? ದುರ್ಬೀನು. ಹಳೆಯದಾದರೂ ಸಾಕು. ಪಾರಿವಾಳಕ್ಕೆ ಆಕಾಶದಲ್ಲಿ ದಾರಿಗಳಿವೆ: ಮರಗಳ ಸಾಲು, ಹಳ್ಳದ ತಗ್ಗು, ಬೇಲಿಯ ಮೂಲೆ. ಎರಡು ಮೂರು ದಿನ ಕೋವಿಯಿಲ್ಲದೆ ದೂರದಲ್ಲಿ ನಿಂತು ನೋಡಿದರೆ ಯಾವ ಮರದ ಮೇಲಿಂದ ಬರುತ್ತವೆ, ಹೊಲದ ಯಾವ ಭಾಗಕ್ಕೆ ಇಳಿಯುತ್ತವೆ ಎಂಬುದು ತಿಳಿಯುತ್ತದೆ. ಈ ದಾರಿಗಳಿಂದ ದೂರದ ಜಾಗದಲ್ಲಿ ಎಷ್ಟು ದುಬಾರಿಯ ಸರಂಜಾಮು ಹೂಡಿದರೂ ದಿನವಿಡೀ ಆಕಾಶ ಎಣಿಸಬೇಕಾಗುತ್ತದೆ. ದುರ್ಬೀನಿಗೆ ಇನ್ನೊಂದು ಕೆಲಸವೂ ಇದೆ. ವುಡ್‌ಪಿಜನ್ನಿನ ಕತ್ತಿನಲ್ಲಿ ಬಿಳಿ ಮಚ್ಚೆ, ರೆಕ್ಕೆಯಲ್ಲಿ ಬಿಳಿ ಪಟ್ಟೆ ಇರುತ್ತದೆ. ಅದೇ ಹಿಂಡಿನಲ್ಲಿ ಹಾರುವ ಇನ್ನೊಂದು ಜಾತಿಯ ಪಾರಿವಾಳ ಸ್ಟಾಕ್ ಡವ್‌ಗೆ ಎರಡೂ ಇಲ್ಲ. ಅದು ರಕ್ಷಿತ ಪಕ್ಷಿ. ಗುರುತು ಖಚಿತವಾಗದಿದ್ದರೆ ಕೋವಿ ಎತ್ತಲೇಬಾರದು.

ಎರಡನೆಯದು ಮರೆ. ಸೈನ್ಯದ ಹಳೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಬಣ್ಣ ಮಾಸಿದ ಬಲೆ ಕಡಿಮೆ ಬೆಲೆಗೆ ಸಿಗುತ್ತದೆ, ಮಾಸಿದ್ದೇ ಒಳ್ಳೆಯದು. ನೆಲಕ್ಕೆ ತುಳಿದು ಇಳಿಸಬಹುದಾದ ನಾಲ್ಕು ಕಂಬಗಳು, ಕೂರಲು ಒಂದು ಹಳೆಯ ಬಕೆಟ್. ಬಲೆಯ ಮೇಲೆ ಅಲ್ಲಿಯದೇ ಬೇಲಿಯ ಸೊಪ್ಪು ಸಿಕ್ಕಿಸಿ, ಬೆನ್ನ ಹಿಂದೆ ಪೊದೆಯಿರಲಿ. ಮುಖಕ್ಕೆ ತೆಳು ಮುಸುಕು, ಕೈಗೆ ಕೈಗವಸು ಮರೆಯಬೇಡಿ. ಒಮ್ಮೆ ನಾನು ಕೈಗವಸಿಲ್ಲದೆ ಕೂತಿದ್ದೆ. ಹಕ್ಕಿಯೊಂದು ರೆಕ್ಕೆ ಬಿಗಿಹಿಡಿದು, ಕಾಲು ಇಳಿಬಿಟ್ಟು, ನೆಲಕ್ಕೆ ಇನ್ನೇನು ಒಂದಾಳು ಎತ್ತರದಲ್ಲಿತ್ತು. ಮೂಗು ಒರೆಸಿಕೊಳ್ಳಲು ಕೈಯೆತ್ತಿದೆ, ಅಷ್ಟೇ. ಗಾಳಿಯಲ್ಲೇ ಮಗುಚಿದಂತೆ ತಿರುಗಿ ಹೋಯಿತು. ಹಿಂದೆ ಬರುತ್ತಿದ್ದ ಏಳೆಂಟು ಹಕ್ಕಿಗಳೂ ಅದರ ಜೊತೆ ಹೋದವು.

ಕಿವಿರಕ್ಷೆಯ ವಿಷಯದಲ್ಲಿ ಚೌಕಾಸಿ ಬೇಡ. ಮೂವತ್ತರ ಹರೆಯದಲ್ಲಿ ಅದನ್ನು ಅಸಡ್ಡೆ ಮಾಡಿದ ಹಲವರ ಜೊತೆ ಈಗ ನಾನು ಜೋರಾಗಿ ಮಾತಾಡಬೇಕಾಗಿದೆ.

ಇನ್ನು ದೀವದ ಹಕ್ಕಿಗಳು. ಆಮಿಷವಾಗಿ ಒಡ್ಡುವ ಪ್ರಾಣಿಗೆ, ಪಕ್ಷಿಗೆ ಹಳಗನ್ನಡದಲ್ಲಿ ದೀವ ಎಂಬ ಸೊಗಸಾದ ಮಾತಿದೆ. ಈ ಕಸುಬಿಗೆ ಅದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ. ಆ ಕಾಲದ ದೀವ ಜೀವಂತ, ಪಳಗಿಸಿದ್ದು. ಬ್ರಿಟನ್ನಿನಲ್ಲಿ ಜೀವಂತ ಹಕ್ಕಿಯನ್ನು ಕಟ್ಟಿಹಾಕಿ ದೀವ ಮಾಡುವುದು ಅಲ್ಲಿನ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಪ್ಲಾಸ್ಟಿಕ್ಕಿನದೇ ಗತಿ. ಇಡೀ ಮೈಯ ಗೊಂಬೆಗಳು ಬೇಡ, ಒಂದರೊಳಗೊಂದು ಜೋಡಿಸಬಹುದಾದ ಚಿಪ್ಪಿನಾಕಾರದವು ಹನ್ನೆರಡು ಸಾಕು. ಸುಮಾರು ಇಪ್ಪತ್ತರಿಂದ ಮೂವತ್ತು ಪೌಂಡ್ ಆಗುತ್ತದೆ. ಕೊಳ್ಳುವಾಗ ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿ: ಬೆನ್ನು ಮಿರಿಮಿರಿ ಮಿಂಚಿದರೆ ಅದು ಹಕ್ಕಿಗಳನ್ನು ಕರೆಯುವುದಿಲ್ಲ, ಓಡಿಸುತ್ತದೆ. ಹೊಳಪಿಲ್ಲದ ಬೂದು ಬಣ್ಣವನ್ನು ಮನೆಯಲ್ಲೇ ಬಳಿದುಕೊಳ್ಳಬಹುದು, ಬಿಳಿ ಗುರುತುಗಳನ್ನು ಮಾತ್ರ ಸ್ಪಷ್ಟವಾಗಿ ಉಳಿಸಿ. ಇಬ್ಬನಿಯ ಬೆಳಿಗ್ಗೆ ಚೆನ್ನಾದ ಚಿಪ್ಪೂ ಹೊಳೆಯುತ್ತದೆ, ಜೇಬಿನಲ್ಲೊಂದು ಒಣ ಬಟ್ಟೆ ಇರಲಿ.

ಹೂಡುವ ಕ್ರಮ ಸರಳ. ಗಾಳಿ ನಿಮ್ಮ ಬೆನ್ನಿಗಿರಲಿ, ಪಾರಿವಾಳ ಗಾಳಿಗೆ ಎದುರಾಗಿ ಇಳಿಯುತ್ತದೆ. ಇಪ್ಪತ್ತು, ಇಪ್ಪತ್ತೈದು ಗಜ ಮುಂದೆ ಕುದುರೆ ಲಾಳದ ಆಕಾರದಲ್ಲಿ ಹರಡಿ, ಬಾಯಿ ಗಾಳಿ ಹೋಗುವ ದಿಕ್ಕಿಗೆ ತೆರೆದಿರಲಿ, ನಡುವೆ ಇಳಿಯಲು ಖಾಲಿ ಜಾಗ ಬಿಡಿ. ತಲೆಗಳು ಹೆಚ್ಚುಕಡಿಮೆ ಗಾಳಿಗೆ ಮುಖಮಾಡಿರಬೇಕು, ಪೆರೇಡಿನಂತೆ ಒಂದೇ ಸಾಲಿನಲ್ಲಲ್ಲ. ಹೊಡೆದ ಹಕ್ಕಿ ಪ್ಲಾಸ್ಟಿಕ್ಕಿಗಿಂತ ಸಾವಿರ ಪಾಲು ಮೇಲು: ಗದ್ದದ ಕೆಳಗೆ ಕವೆಗಡ್ಡಿ ಕೊಟ್ಟು ತಲೆ ಎತ್ತಿ ನಿಲ್ಲಿಸಿ. ಅಂಗಾತ ಬಿದ್ದದ್ದನ್ನು ಹಾಗೆಯೇ ಬಿಟ್ಟರೆ ಉಳಿದವು ಬೆದರುತ್ತವೆ.

ಈಗ ಆ ಯಂತ್ರ. ಎರಡು ತೋಳುಗಳ ಮೇಲೆ ಎರಡು ಹಕ್ಕಿಗಳನ್ನು ಸುತ್ತಿಸುವ ಅದನ್ನು ಇಲ್ಲಿ ಮ್ಯಾಗ್ನೆಟ್ ಎನ್ನುತ್ತಾರೆ. ಬ್ಯಾಟರಿ ಸೇರಿದರೆ ಬೆಲೆ ನೂರು ಪೌಂಡಿನ ಆಸುಪಾಸು. ಕೆಲವು ದಿನ ಅದ್ಭುತವಾಗಿ ಎಳೆಯುತ್ತದೆ. ಪದೇ ಪದೇ ಗುಂಡಿನ ಸದ್ದು ಕೇಳಿದ ಹೊಲದಲ್ಲಿ ಅದನ್ನು ಕಂಡೊಡನೆ ಹಕ್ಕಿಗಳು ದೂರ ಸರಿಯುವುದನ್ನೂ ನೋಡಿದ್ದೇನೆ. ಅದರ ತೋಳಿಗೆ ಹೆಚ್ಚಿನವರು ಕಟ್ಟುವುದು ಹೊಡೆದ ಹಕ್ಕಿಗಳನ್ನೇ, ಮೊದಲ ದಿನ ನಿಮ್ಮ ಬಳಿ ಅವು ಎಲ್ಲಿರುತ್ತವೆ? ಅದರ ಬದಲು ಬಾಗುವ ಫೈಬರ್ ಕಡ್ಡಿಗಳೆರಡನ್ನು ಕೊಳ್ಳಿ. ಮೊದಲೆರಡು ಹಕ್ಕಿಗಳನ್ನು ಅದರ ತುದಿಗೆ ರೆಕ್ಕೆ ಬಿಡಿಸಿ ಸಿಕ್ಕಿಸಿದರೆ ಗಾಳಿಯೇ ಅವನ್ನು ಕುಣಿಸುತ್ತದೆ.

ತೋಟಾ 28 ಅಥವಾ 30 ಗ್ರಾಂ ಗುಂಡಿನದು, ಗುಂಡಿನ ಗಾತ್ರ 6ನೇ ನಂಬರ್, ಮದ್ದಿಗೂ ಗುಂಡಿಗೂ ನಡುವಿನ ಬಿರಡೆ, ಅಂದರೆ ವ್ಯಾಡ್, ನಾರಿನದು. ಪ್ಲಾಸ್ಟಿಕ್ ವ್ಯಾಡನ್ನು ಹೊಲದಲ್ಲಿ ಉದುರಿಸಿದರೆ ಯಾವ ರೈತನೂ ಸಹಿಸುವುದಿಲ್ಲ. ಸೀಸದ ಗುಂಡನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಬ್ರಿಟನ್ ಸರ್ಕಾರ 2025ರಲ್ಲಿ ಪ್ರಕಟಿಸಿದೆ, ಹಳೆಯ ಕೋವಿ ಕೊಳ್ಳುವವರು ಅದು ಉಕ್ಕಿನ ಗುಂಡಿಗೆ ತಕ್ಕದ್ದೇ ಎಂದು ಕೋವಿ ರಿಪೇರಿಯ ಕುಶಲಿಯ ಬಳಿ ಪರೀಕ್ಷಿಸಿಕೊಳ್ಳಲಿ.

ಯುವಕ ಕೊನೆಗೆ ಕೊಂಡದ್ದು ದುರ್ಬೀನು, ಬಲೆ, ಕಂಬ, ಕಿವಿರಕ್ಷೆ, ಹನ್ನೆರಡು ಚಿಪ್ಪು ಮತ್ತು ಎರಡು ಕಡ್ಡಿ. ನಾನು ಹೇಳಿದ್ದಕ್ಕೆ ಎರಡು ಚೀಲ ಸೇರಿಸಿಕೊಂಡ: ಖಾಲಿ ತೋಟಾ ಆರಿಸಿ ತುಂಬಲು ಒಂದು, ಹಕ್ಕಿಗಳು ಕೆಡದಂತೆ ನೆರಳಲ್ಲಿ ಗಾಳಿಗೆ ತೂಗುಹಾಕಲು ಈರುಳ್ಳಿಯ ಜಾಳಿಗೆ ಚೀಲ. ಹೊಡೆದದ್ದು ಅಡುಗೆಮನೆ ಸೇರಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.