ಬಟನ್ ಒತ್ತಿದ ಮೇಲೆ ಬಾಗಿಲು ತೆಗೆಯುವವರು ಯಾರು?

ಒಂಟಿಯಾಗಿರುವ ಹಿರಿಯರಿಗೆ ತುರ್ತು ಬಟನ್ ಕೊಟ್ಟು, ಅವರು ಅದನ್ನು ಒತ್ತಿದಾಗ ಮಾತಾಡಿ ಸಹಾಯಕ್ಕೆ ಜನ ಕಳಿಸುವುದು ನಮ್ಮ ಕೆಲಸ. ಅದು ಶುರುವಾಗಿ ಆಗ ಐದು ತಿಂಗಳಾಗಿತ್ತು ಅಷ್ಟೇ. ಮೈಸೂರಿನ ಕುವೆಂಪುನಗರದಲ್ಲಿ ಒಬ್ಬರೇ ಇದ್ದ 76 ವರ್ಷದ ಟೀಚರಮ್ಮ ಒಬ್ಬರು ರಾತ್ರಿ 2 ಗಂಟೆ 10 ನಿಮಿಷಕ್ಕೆ ಕೊರಳಲ್ಲಿದ್ದ ಬಟನ್ ಒತ್ತಿದರು. ಅವರ ನಡುಮನೆಯಲ್ಲಿಟ್ಟ ಸ್ಪೀಕರ್ ಪೆಟ್ಟಿಗೆಯ ಮೂಲಕ ನಮಗೆ ಅವರ ದನಿ ಕೇಳಿಸಿತು. "ಬಚ್ಚಲಿಗೆ ಹೋಗೋಣ ಅಂತ ಎದ್ದೆ ಕಣಪ್ಪಾ, ಬಿದ್ಬಿಟ್ಟೆ. ಏಳೋಕೆ ಆಗ್ತಿಲ್ಲ."

ಪಕ್ಕದ ಮನೆಯವರಿಗೆ ಫೋನ್ ಮಾಡಿದೆ. ಆರೇ ನಿಮಿಷಕ್ಕೆ ಬಂದರು. ಅವರ ಹತ್ತಿರ ಬೀಗದ ಕೈ ಇತ್ತು. ಬೀಗ ತೆರೆಯಿತು. ಆದರೆ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಮೇಲೊಂದು ಚಿಲಕ, ಕೆಳಗೊಂದು ಚಿಲಕ. ಸ್ಪೀಕರಿನಲ್ಲಿ ಅಮ್ಮನ ನರಳಾಟ, ಮೊಬೈಲಿನಲ್ಲಿ ಪಕ್ಕದ ಮನೆಯವರ ದನಿ. ಇಬ್ಬರ ನಡುವೆ ಇದ್ದದ್ದು ಒಂದೇ ಒಂದು ತೇಗದ ಬಾಗಿಲು. ಕೊನೆಗೆ ಒಬ್ಬ ವೆಲ್ಡಿಂಗ್ ಕೆಲಸದವರನ್ನು ಎಬ್ಬಿಸಿ ಕರೆತಂದು, ಕಿಟಕಿಯ ಸರಳು ಕತ್ತರಿಸಿ ಒಳಗೆ ಹೋಗುವಾಗ 4 ಗಂಟೆ ಆಗಿತ್ತು. ಸೊಂಟದ ಮೂಳೆ ಮುರಿದಿತ್ತು.

ಆ ರಾತ್ರಿ ಬಟನ್ ಸರಿಯಾಗೇ ಕೆಲಸ ಮಾಡಿತು. ಫೋನ್ ಲೈನ್ ಚೆನ್ನಾಗಿತ್ತು. ನೆರೆಯವರು ಓಡಿ ಬಂದರು. ತಪ್ಪಿದ್ದು ನಾವು. ಮನೆಗೆ ಹೋಗಿ ಪೆಟ್ಟಿಗೆ ಕೂರಿಸಿದೆವು, ಬಟನ್ ಒತ್ತುವುದು ಹೇಗೆ ಅಂತ ಹೇಳಿಕೊಟ್ಟೆವು. "ರಾತ್ರಿ ಬಾಗಿಲು ಹೇಗೆ ಹಾಕ್ಕೋತೀರಿ ಅಮ್ಮಾ?" ಅಂತ ಮಾತ್ರ ಕೇಳಿರಲಿಲ್ಲ. ಇವತ್ತು ಹೊಸ ಮನೆಗೆ ಹೋದರೆ ನಾನು ಮೊದಲು ನೋಡುವುದು ಬಾಗಿಲನ್ನು. ಬಟನ್ ಇರುವ ಡಬ್ಬಿಯನ್ನು ಆಮೇಲೆ ತೆರೆಯುತ್ತೇನೆ.

ಎರಡು ಗಂಟೆ ನೆಲದ ಮೇಲೆ ಬಿದ್ದಿದ್ದರೆ ಏನಾಗುತ್ತೆ ಅಂತ ಕೆಲವರು ಕೇಳುತ್ತಾರೆ. ಆಗುತ್ತೆ. ವಯಸ್ಸಾದವರು ಗಟ್ಟಿ ನೆಲದ ಮೇಲೆ ಒಂದೇ ಮಗ್ಗುಲಿಗೆ ಒಂದು ಗಂಟೆಗಿಂತ ಜಾಸ್ತಿ ಬಿದ್ದಿದ್ದರೆ, ಬೀಳುವಾಗ ಆದ ಪೆಟ್ಟಿನ ಜೊತೆಗೆ ಬೇರೆ ತೊಂದರೆಗಳೂ ಶುರುವಾಗುತ್ತವೆ. ಒತ್ತಿಹೋದ ಮಾಂಸಖಂಡ ಹಾಳಾಗಿ, ಅದರ ಕಸವೆಲ್ಲ ರಕ್ತಕ್ಕೆ ಸೇರಿ ಕಿಡ್ನಿಗೆ ಹೊರೆಯಾಗುತ್ತದೆ. ಚರ್ಮ ಒತ್ತಿ ಹುಣ್ಣಾಗುತ್ತದೆ. ನೀರಿಲ್ಲದೆ ಒಣಗುತ್ತಾರೆ. ಡಿಸೆಂಬರ್ ರಾತ್ರಿ ಮೊಸಾಯಿಕ್ ನೆಲದ ತಣುಪು ಮೈಗೆ ಇಳಿಯುತ್ತದೆ. ಲಕ್ವ ಹೊಡೆದಿದ್ದರಂತೂ ಗಡಿಯಾರವೇ ಎಲ್ಲ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ. ಅದರಲ್ಲಿ ಎರಡು ಗಂಟೆ ಬಾಗಿಲ ಹೊರಗೇ ಕಳೆದುಹೋದರೆ ಉಳಿಯುವುದೆಷ್ಟು?

ಈಗ ಬಾಗಿಲಿನ ಮಾತು. ಒಂಟಿಯಾಗಿರುವ ಹೆಂಗಸರಿಗೆ "ಚಿಲಕ ಹಾಕಬೇಡಿ" ಅಂತ ಸುಮ್ನೆ ಹೇಳಿ ಬಂದರೆ ಆಗುವುದಿಲ್ಲ. ಕಳ್ಳರ ಭಯ ಸುಳ್ಳಲ್ಲ. ಅದನ್ನು ಅಲ್ಲಗಳೆದರೆ ಅವರು ನಮ್ಮೆದುರು ತಲೆಯಾಡಿಸಿ, ರಾತ್ರಿ ಮೂರೂ ಚಿಲಕ ಹಾಕಿಕೊಂಡೇ ಮಲಗುತ್ತಾರೆ. ಅದಕ್ಕೆ ನಾವು ಚಿಲಕ ತೆಗೆಸುವ ಮುಂಚೆ ಅದಕ್ಕಿಂತ ಗಟ್ಟಿಯಾದ, ಒಳಗಿನಿಂದಲೂ ಹೊರಗಿನಿಂದಲೂ ಕೀ ತಿರುಗಿಸಬಹುದಾದ ಬೀಗ ಹಾಕಿಸುತ್ತೇವೆ. ಅವರು ಎರಡು ವಾರ ಅದನ್ನು ಬಳಸಿ ಧೈರ್ಯ ಬಂದ ಮೇಲೆ ಬಡಗಿಯನ್ನು ಕರೆಸಿ ಚಿಲಕ ತೆಗೆಸುತ್ತೇವೆ. ಇದರಲ್ಲೂ ಒಂದು ಸೂಕ್ಷ್ಮ ಇದೆ. ಕೆಲವು ಬೀಗಗಳಲ್ಲಿ ಒಳಗಡೆ ಕೀ ಸಿಕ್ಕಿಸಿಯೇ ಬಿಟ್ಟಿದ್ದರೆ ಹೊರಗಿನಿಂದ ಇನ್ನೊಂದು ಕೀ ತೂರುವುದಿಲ್ಲ. ಹಾಗಾಗಿ ಒಳಗಿನ ಕೀಗೆ ಬಾಗಿಲ ಪಕ್ಕದಲ್ಲೇ ಒಂದು ಮೊಳೆ ಹೊಡೆದುಕೊಡುತ್ತೇವೆ. ಬೀಗ ಹಾಕಿದ ಮೇಲೆ ಕೀ ಆ ಮೊಳೆಯ ಮೇಲೆ.

ಬಚ್ಚಲಮನೆ ಬಾಗಿಲು ಇನ್ನೂ ಕಷ್ಟದ್ದು. ನಮ್ಮ ಕಡೆ ಅದು ಹೆಚ್ಚಾಗಿ ಒಳಕ್ಕೆ ತೆರೆಯುತ್ತದೆ. ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದಿರುತ್ತಾರೆ. ಹೊರಗಿನಿಂದ ತಳ್ಳಿದರೆ ಅವರಿಗೇ ಪೆಟ್ಟು. ಕೀಲು ಬದಲಿಸಿ ಹೊರಕ್ಕೆ ತೆರೆಯುವ ಹಾಗೆ ಮಾಡಿಸುವುದು ಬಡಗಿಗೆ ಅರ್ಧ ದಿನದ ಕೆಲಸ. ಆಗದಿದ್ದರೆ ಚಿಲಕವನ್ನಾದರೂ ತೆಗೆಸಿ. ಮನೆಯಲ್ಲಿ ಇರುವುದೇ ಒಬ್ಬರು, ಚಿಲಕ ಯಾರಿಂದ ಮರೆಗೆ, ಅಲ್ವಾ?

ಬೀಗದ ಕೈ ಯಾರ ಹತ್ತಿರ ಇರಬೇಕು? ಎರಡು ಮನೆಯಲ್ಲಿ ಇರಬೇಕು, ಮತ್ತು ಆ ಇಬ್ಬರೂ ಒಂದೇ ಮದುವೆಗೆ ಹೋಗುವ ನೆಂಟರಾಗಿರಬಾರದು. ಇದನ್ನೂ ಅನುಭವದಿಂದಲೇ ಕಲಿತೆವು. ಒಂದು ವೈಶಾಖ ಮಾಸದಲ್ಲಿ ಕೀ ಇದ್ದ ಎರಡು ಮನೆಯವರೂ ಧರ್ಮಸ್ಥಳದ ಛತ್ರದಲ್ಲಿದ್ದರು. ಕೀಯನ್ನು ಒಂದು ಲಕೋಟೆಯಲ್ಲಿ ಹಾಕಿ ಅಂಟಿಸಿ, ಅಂಟಿನ ಮೇಲೆ ಮನೆಯವರ ಸಹಿ ಹಾಕಿಸಿ ಕೊಡುತ್ತೇವೆ. ಆರು ತಿಂಗಳಿಗೊಮ್ಮೆ ಹೋಗಿ ಲಕೋಟೆ ನೋಡಿ ಬರುತ್ತೇವೆ. ಇದರಿಂದ ಕೊಟ್ಟವರಿಗೂ ನೆಮ್ಮದಿ, ಇಟ್ಟುಕೊಂಡವರಿಗೂ ನೆಮ್ಮದಿ. ನಾಳೆ ಮನೆಯಲ್ಲಿ ಒಂದು ಉಂಗುರ ಕಾಣದಿದ್ದರೆ ತಮ್ಮ ಮೇಲೆ ಅನುಮಾನ ಬಂದೀತು ಅನ್ನುವ ಅಳುಕು ನೆರೆಯವರಿಗೆ ಇದ್ದೇ ಇರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಗಾರ್ಡ್ ಹತ್ತಿರ ಕೊಡಬಹುದು. ಆದರೆ ಗಾರ್ಡ್ ಬದಲಾಗುತ್ತಲೇ ಇರುತ್ತಾರೆ, ಲಕೋಟೆ ಯಾವ ಡ್ರಾಯರಿನಲ್ಲಿದೆ ಅಂತ ಹೊಸಬರಿಗೆ ಗೊತ್ತಿರುವುದಿಲ್ಲ.

ಬಾಗಿಲಿನ ನಂತರದ ಕಷ್ಟ ಅಂದರೆ, ಕೊರಳಲ್ಲಿ ಬಟನ್ ಇದ್ದೂ ಒತ್ತದಿರುವುದು. ಇದು ನಮ್ಮವರ ಸಂಕೋಚ ಮಾತ್ರ ಅಂದುಕೊಂಡಿದ್ದೆ. ಹಾಗಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 90 ದಾಟಿದವರ ಬಗ್ಗೆ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಬಿದ್ದವರ ಪೈಕಿ 100ಕ್ಕೆ 30 ಮಂದಿ ಒಂದು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ನೆಲದ ಮೇಲೇ ಇದ್ದರು. ಅಲಾರಂ ಬಹಳ ಜನರಿಗೆ ಇತ್ತು. ಆದರೂ ಹಾಗೆ ತುಂಬ ಹೊತ್ತು ಬಿದ್ದಿದ್ದ ಹೆಚ್ಚಿನ ಪ್ರಸಂಗಗಳಲ್ಲಿ ಅದನ್ನು ಬಳಸಿರಲಿಲ್ಲ.

ಯಾಕೆ ಒತ್ತುವುದಿಲ್ಲ? ನನ್ನ ಅನುಭವದಲ್ಲಿ ಕಾರಣಗಳು ಸಣ್ಣವು. ಬಟನ್ ದೇವರ ಮನೆಯ ಮೊಳೆಯಲ್ಲಿ ತೂಗುತ್ತಿರುತ್ತದೆ. ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟಿರುತ್ತಾರೆ, ಬೀಳುವುದು ಅಲ್ಲೇ. ಇಲ್ಲವೇ, "ಈ ಹೊತ್ತಲ್ಲಿ ಯಾಕೆ ಅವರಿಗೆ ತೊಂದರೆ, ಬೆಳಗಾಗಲಿ" ಅಂತ ಕಾಯುತ್ತಾರೆ. ಆ ಟೀಚರಮ್ಮನೂ ಒತ್ತುವ ಮುಂಚೆ ಇಪ್ಪತ್ತು ನಿಮಿಷ ಯೋಚಿಸುತ್ತಾ ಬಿದ್ದಿದ್ದರಂತೆ, ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು.

ಹಾಗಾಗಿ ನೀರು ತಾಗಿದರೂ ಕೆಡದ ಬಟನ್ ಮಾತ್ರ ಕೊಡುತ್ತೇವೆ. ಕೊಡುವ ದಿನ ಅದನ್ನು ಅವರ ಎದುರಿಗೇ ಒಂದು ಚೊಂಬು ನೀರಿನಲ್ಲಿ ಮುಳುಗಿಸಿ, ತೆಗೆದು, ಒತ್ತಿ ತೋರಿಸುತ್ತೇನೆ. ಬಾಯಲ್ಲಿ ಹತ್ತು ಸಲ ಹೇಳಿದರೂ ಬಾರದ ನಂಬಿಕೆ ಆ ಚೊಂಬಿನಿಂದ ಬರುತ್ತದೆ. ಸರದ ಜೊತೆ ಇನ್ನೊಂದು ದಾರ ಬೇಡ ಅನ್ನುವವರಿಗೆ ಕೈಗೆ ಕಟ್ಟುವ ಪಟ್ಟಿ ಇದೆ. ಕೊರಳಿನದಾದರೆ ದಾರ ಎಳೆದರೆ ಬಿಚ್ಚಿಕೊಳ್ಳುವಂಥದ್ದಾಗಿರಬೇಕು, ಬಾಗಿಲ ಹಿಡಿಗೆ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯಬಾರದು. ಇನ್ನು ಬಚ್ಚಲಿನಲ್ಲಿ ಗೋಡೆಗೆ ಎಳೆಯುವ ಹಗ್ಗ ಹಾಕಿಸಿದ್ದರೆ ಅದರ ತುದಿ ನೆಲಕ್ಕೆ ಒಂದು ಗೇಣಿಗಿಂತ ಮೇಲೆ ಇರಬಾರದು. ಒರೆಸಲು ಅಡ್ಡಿ ಅಂತ ಕೆಲಸದವರು ಅದನ್ನು ಎತ್ತಿ ಗಂಟು ಹಾಕಿಬಿಡುತ್ತಾರೆ. ನಿಂತವರಿಗೆ ಎಟಕುವ ಹಗ್ಗ ಬಿದ್ದವರಿಗೆ ಎಟಕುವುದಿಲ್ಲ.

ಯಾವ ಕಂಪನಿಯ ಯಂತ್ರ ಒಳ್ಳೆಯದು ಅನ್ನುವುದು ಜನ ಅಂದುಕೊಂಡಷ್ಟು ದೊಡ್ಡ ವಿಷಯವಲ್ಲ. ಬಿದ್ದದ್ದನ್ನು ತಾನೇ ಗುರುತಿಸುವ ವಾಚುಗಳೂ ಬಂದಿವೆ, ಒಳ್ಳೆಯವೇ, ಆದರೆ ಅವುಗಳಲ್ಲಿ ಎಷ್ಟೋ ವಾಚುಗಳನ್ನು ದಿನಾ ಚಾರ್ಜ್ ಮಾಡಬೇಕು. ಅದಕ್ಕಿಂತ ಮುಖ್ಯವಾದದ್ದು ಲೈನ್. ಹಿಂದೆ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಇದ್ದಾಗ ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಕೆಲಸ ಮಾಡುತ್ತಿತ್ತು, ಅದಕ್ಕೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಈಗ ಫೈಬರ್ ಬಂದಿದೆ. ಕರೆಂಟ್ ಹೋದರೆ ಮೋಡೆಮ್ ಸತ್ತಿತು, ಮೋಡೆಮ್ ಸತ್ತರೆ ಫೋನೂ ಸತ್ತಿತು. ಮನೆಯಲ್ಲಿ ಯುಪಿಎಸ್ ಇದ್ದರೂ ಮೋಡೆಮ್ ಅದರ ಲೈನಿಗೆ ಸೇರಿದೆಯಾ ನೋಡಿ. ಸಿಮ್ ಕಾರ್ಡಿನ ಯಂತ್ರವಾದರೆ ರೀಚಾರ್ಜ್ ಮುಗಿಯುವ ತಾರೀಖು ಯಾರ ನೆನಪಿನಲ್ಲಿದೆ ಅಂತ ಕೇಳಿ. ಮಗ ಒಂದು ವರ್ಷಕ್ಕೆ ಹಾಕಿಸಿ ಹೋಗಿರುತ್ತಾನೆ. ವರ್ಷ ಮುಗಿದದ್ದು ಯಾರಿಗೂ ಗೊತ್ತಾಗಿರುವುದಿಲ್ಲ, ಯಂತ್ರದ ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ.

ಹೊರದೇಶದಲ್ಲಿರುವ ಮಕ್ಕಳಿಗೆ ಒಂದು ಮಾತು. ಆನ್‌ಲೈನಿನಲ್ಲಿ ಸಿಗುವ ಎಷ್ಟೋ ಯಂತ್ರಗಳು ಬಟನ್ ಒತ್ತಿದರೆ ನಿಮ್ಮ ಮೊಬೈಲಿಗೆ ಮೆಸೇಜ್ ಕಳಿಸುತ್ತವೆ, ಅಷ್ಟೇ. ನ್ಯೂಜೆರ್ಸಿಯಲ್ಲಿ ನೀವು ಮೀಟಿಂಗಿನಲ್ಲಿರುತ್ತೀರಿ. ನೋಡಿದರೂ ಏನು ಮಾಡುತ್ತೀರಿ? ಅಲ್ಲಿಂದ 108 ಅಥವಾ 112 ಒತ್ತಿದರೆ ಮೈಸೂರಿಗೆ ಹೋಗುವುದಿಲ್ಲ, ಈ ಚಿಕ್ಕ ನಂಬರುಗಳು ನಮ್ಮ ದೇಶದೊಳಗೆ ಮಾತ್ರ. ಹತ್ತಿರದ ಆಸ್ಪತ್ರೆಯ ಆಂಬುಲೆನ್ಸ್ ಮತ್ತು ಪೊಲೀಸ್ ಠಾಣೆಯ ಪೂರ್ತಿ ನಂಬರನ್ನು 91 ಸೇರಿಸಿ ಇವತ್ತೇ ಸೇವ್ ಮಾಡಿಕೊಳ್ಳಿ. ಆದರೆ ಮೊದಲ ಕರೆ ನಿಮಗೆ ಬರದಿರುವುದೇ ಒಳ್ಳೆಯದು. ನಾವು ಮೊದಲು ಕೀ ಇರುವವರಿಗೆ, ಆಮೇಲೆ ಬೇಕಾದರೆ ಆಂಬುಲೆನ್ಸಿಗೆ, ಅದಾದ ಮೇಲೆ ಮಕ್ಕಳಿಗೆ ಕರೆ ಮಾಡುತ್ತೇವೆ. ಇದನ್ನು ಕೇಳಿ ಬೇಜಾರು ಮಾಡಿಕೊಂಡ ಮಕ್ಕಳಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಈ ಸಾಲನ್ನು ಬದಲಿಸಿಲ್ಲ.

ಇನ್ನೊಂದು ಗೊಂದಲ. ಹಿರಿಯರ ಸಹಾಯವಾಣಿ 14567 ಇದೆಯಲ್ಲ, ಅದು ಪಿಂಚಣಿ, ಕಾನೂನು, ಮನೆಯವರ ಕಿರುಕುಳ ಇಂಥದ್ದಕ್ಕೆ ಒಳ್ಳೆಯ ದಾರಿ ತೋರಿಸುತ್ತದೆ. ಆದರೆ ಬಿದ್ದಾಗ ಒತ್ತುವ ನಂಬರ್ ಅದಲ್ಲ. ಆಗ 108 ಅಥವಾ 112. ಮತ್ತೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಎದ್ದು ಕಾಫಿ ಕುಡಿಯುತ್ತಾ ಕೂತಿದ್ದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಒಳಗೆ ರಕ್ತ ನಿಧಾನವಾಗಿ ಸೋರುತ್ತಿರಬಹುದು. ಮಾತ್ರೆಗಳ ಪಟ್ಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಡಿ ಅಂತ ನಾವು ಹೇಳುವುದು ಇದಕ್ಕೇ.

ಪ್ರಜ್ಞೆ ತಪ್ಪಿದವರು ಬಟನ್ ಒತ್ತಲಾರರು. ಅದಕ್ಕೆ ಓಡಾಟ ಗುರುತಿಸುವ ಸೆನ್ಸರ್ ಇದೆ. ಬೆಳಿಗ್ಗೆ ಇಷ್ಟು ಹೊತ್ತಾದರೂ ಅಡುಗೆಮನೆ ಕಡೆ ಯಾರೂ ಸುಳಿಯದಿದ್ದರೆ ನಮಗೆ ತಿಳಿಸುತ್ತದೆ. ಹಣ ಇಲ್ಲದಿದ್ದರೆ ಹಾಲಿನ ಹುಡುಗನ ಜೊತೆ ಮಾತಾಡಿ. ಏಳೂವರೆಗೂ ಪ್ಯಾಕೆಟ್ ಬಾಗಿಲಲ್ಲೇ ಇದ್ದರೆ, ಅಂಗಳಕ್ಕೆ ನೀರು ಬಿದ್ದಿಲ್ಲದಿದ್ದರೆ, ರಂಗೋಲಿ ನಿನ್ನೆಯದೇ ಇದ್ದರೆ ಬೆಲ್ ಒತ್ತಿ ನೋಡು ಅಂತ ಹೇಳಿ. ನಮ್ಮ ಎರಡು ಕರೆಗಳು ಹಾಗೆ ಹಾಲಿನವರಿಂದಲೇ ಬಂದವು.

ತಿಂಗಳಿಗೊಮ್ಮೆ ಸುಮ್ನೆ ಒತ್ತಿ ನೋಡಬೇಕು ಅನ್ನುವುದು ನಮ್ಮ ನಿಯಮ. ಯಂತ್ರದ ಪರೀಕ್ಷೆಯೂ ಆಗುತ್ತದೆ, ಕೈಗೆ ರೂಢಿಯೂ ಆಗುತ್ತದೆ. ಮೊದಲು ಒಂದನೇ ತಾರೀಖು ಅಂತ ಇಟ್ಟಿದ್ದೆವು, ಅರ್ಧ ಜನ ಮರೆಯುತ್ತಿದ್ದರು. ಸರಸ್ವತಿಪುರಂನ ಒಬ್ಬ ಅಜ್ಜಿ ಹೇಳಿದರು: "ತಾರೀಖು ನಂಗೆ ನೆನಪಿರಲ್ಲಪ್ಪಾ, ಸಂಕಷ್ಟಿ ನೆನಪಿರುತ್ತೆ." ಅವತ್ತಿನಿಂದ ಅವರವರಿಗೆ ನೆನಪಿರುವ ದಿನವೇ ಅವರ ಪರೀಕ್ಷೆಯ ದಿನ. ಅಜ್ಜಿ ಸಂಕಷ್ಟಿಯ ಸಂಜೆ ಒತ್ತುತ್ತಾರೆ, ಇನ್ನೊಬ್ಬರು ಪಿಂಚಣಿ ಬಂದ ದಿನ, ಒಬ್ಬ ಸಾಹೇಬರು ತಿಂಗಳ ಮೊದಲ ಶುಕ್ರವಾರ ನಮಾಜಿನ ನಂತರ.

ಹೋದ ಸಂಕಷ್ಟಿಗೆ ಅಜ್ಜಿಯ ಬಟನ್ ಕರೆ ಬರಲಿಲ್ಲ. ಎಂಟೂವರೆಗೆ ನಾವೇ ಫೋನ್ ಮಾಡಿದೆವು, ಎತ್ತಲಿಲ್ಲ. ಕೀ ಇದ್ದವರು ಹೋಗಿ ಲಕೋಟೆ ಹರಿದು ಬಾಗಿಲು ತೆರೆದರು. ಮನೆ ಚೊಕ್ಕಟವಾಗಿತ್ತು, ಯಾರೂ ಇರಲಿಲ್ಲ. ಅಜ್ಜಿ ನಂಜನಗೂಡಿನ ತಂಗಿ ಮನೆಯಲ್ಲಿದ್ದರು. ಮರುದಿನ ಬಂದವರು, "ಅಯ್ಯೋ, ಎಷ್ಟು ಜನಕ್ಕೆ ತೊಂದರೆ ಕೊಟ್ಟೆ" ಅಂತ ಪೇಚಾಡಿಕೊಂಡರು. ಹೊಸ ಲಕೋಟೆಗೆ ಸಹಿ ಹಾಕಿಸಿಕೊಂಡು ಬಂದೆ. ಈಗ ಊರಿಗೆ ಹೊರಡುವ ಮುಂಚೆ ಬಟನ್ ಒತ್ತಿ, "ನಂಜನಗೂಡಿಗೆ ಹೋಗಿ ಬರ್ತೀನಪ್ಪಾ" ಅಂತ ಹೇಳಿ ಹೊರಡುತ್ತಾರೆ.