ಏಜೆಂಟ್ ಬಿಡ್ ಹಾಕುವುದಿಲ್ಲ: ಲ್ಯಾಂಬ್ಡಾ ಬಗ್ಗೆ ನನ್ನ ಟಿಪ್ಪಣಿ

ಆನ್‌ಲೈನ್ ಜಾಹೀರಾತಿನ ಹರಾಜಿನಲ್ಲಿ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ (ಮಾಡಿ ನೋಡಿ, ಸಿಕ್ಕ ಫಲದಿಂದ ಕಂಪ್ಯೂಟರ್ ಕಲಿಯುವ ವಿಧಾನ) ಹೇಗೆ ಬಳಸುತ್ತಾರೆ ಅಂತ ಮೂರು ವಾರದಿಂದ ಓದುತ್ತಿದ್ದೇನೆ. ಅದರಲ್ಲಿ ಎರಡು ವಾರ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಕಲಿಯುವ ಪ್ರೋಗ್ರಾಂ ಏಜೆಂಟ್, ಅದು ನೋಡುವ ಪರಿಸ್ಥಿತಿ ಸ್ಟೇಟ್, ಅದು ಮಾಡುವ ಆಯ್ಕೆ ಆಕ್ಷನ್, ಅದಕ್ಕೆ ಸಿಗುವ ಅಂಕ ರಿವಾರ್ಡ್: ಇಷ್ಟು ನೆನಪಿದ್ದರೆ ಸಾಕು.

ಹರಾಜಿನ ಬಗ್ಗೆ ಎರಡೇ ಮಾತು. ಒಂದು ಪೇಜ್ ತೆರೆದುಕೊಳ್ಳುವಷ್ಟರಲ್ಲಿ, ಸುಮಾರು 100 ಮಿಲಿಸೆಕೆಂಡ್ ಒಳಗೆ, ಅದರಲ್ಲಿರುವ ಜಾಹೀರಾತಿನ ಜಾಗ ಹರಾಜಾಗಿ ಹೋಗಿರುತ್ತದೆ. ಇಲ್ಲಿ ನಾನು ಎರಡನೇ ಬೆಲೆಯ ಹರಾಜನ್ನೇ ಹಿಡಿದುಕೊಂಡಿದ್ದೇನೆ: ಹೆಚ್ಚು ಕೂಗಿದವರಿಗೆ ಜಾಗ, ಆದರೆ ಅವರು ಕೊಡುವುದು ಎರಡನೆಯವರು ಕೂಗಿದ ಬೆಲೆ. ಇಂಥ ಹರಾಜಿನಲ್ಲಿ ವಸ್ತುವಿಗೆ ನಿಮ್ಮ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಕೂಗುವುದು ಒಳ್ಳೆಯದು ಅಂತ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದರು. ಜಾಹೀರಾತುದಾರರ ಬಜೆಟ್‌ಗೆ ಮಿತಿ ಇದ್ದಾಗ ಮಾತ್ರ ಈ ಮಾತು ನಿಲ್ಲುವುದಿಲ್ಲ.

ನಾನು ಎಡವಿದ ಜಾಗ

ನಾನು ಮೊದಲು ಓದಿದ್ದು 2017ರ ಆರ್‌ಎಲ್‌ಬಿ (ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್‌ನಿಂದ ಬಿಡ್ ಹಾಕುವ ವಿಧಾನ) ಪ್ರಬಂಧ. ಅದರಲ್ಲಿ ಉಳಿದ ಹರಾಜುಗಳ ಸಂಖ್ಯೆ, ಉಳಿದ ದುಡ್ಡು ಮತ್ತು ಮುಂದಿರುವ ಜಾಗದ ವಿವರ ಸೇರಿ ಸ್ಟೇಟ್. ಪ್ರತಿ ಹರಾಜಿಗೆ ಎಷ್ಟು ಬಿಡ್, ಅಂದರೆ ಎಷ್ಟು ಕೂಗಬೇಕು, ಅನ್ನುವುದು ಆಕ್ಷನ್. ಸಹಜವಾಗಿದೆ, ಅಲ್ವಾ? ಆಮೇಲೆ ಅಲಿಬಾಬಾದವರ 2018ರ ಡಿಆರ್‌ಎಲ್‌ಬಿ ಪ್ರಬಂಧ ತೆಗೆದೆ, ನ್ಯೂರಲ್ ನೆಟ್‌ವರ್ಕ್ ಬಳಸುವ ವಿಧಾನ ಅದು. ಅಲ್ಲಿ ಆಕ್ಷನ್ ಅಂತ ಇರುವುದು ಏಳು ಸಂಖ್ಯೆ ಅಷ್ಟೆ: -8%, -3%, -1%, 0, 1%, 3%, 8%. ಬಿಡ್ ಎಲ್ಲಿ ಹೋಯ್ತು ಅಂತ ಎರಡು ದಿನ ಹುಡುಕಿದೆ.

ಬಿಡ್‌ಗೆ ಒಂದು ಸೂತ್ರ ಇದೆ, ಅದನ್ನು ಏಜೆಂಟ್ ಮುಟ್ಟುವುದಿಲ್ಲ:

ಬಿಡ್ = ಮೌಲ್ಯ ÷ ಲ್ಯಾಂಬ್ಡಾ

ಮೌಲ್ಯ ಅಂದರೆ ಈ ಜಾಗದಿಂದ ನಮಗೆ ಎಷ್ಟು ಲಾಭ ಅನ್ನುವ ಅಂದಾಜು, ಉದಾಹರಣೆಗೆ ಕ್ಲಿಕ್ ಬರುವ ಸಾಧ್ಯತೆ. ಅದನ್ನು ಬೇರೆ ಮಾಡೆಲ್ ಲೆಕ್ಕ ಹಾಕಿ ಕೊಡುತ್ತದೆ. ಏಜೆಂಟ್ ಕೈಯಲ್ಲಿರುವುದು ಲ್ಯಾಂಬ್ಡಾ ಎಂಬ ಒಂದೇ ತಿರುಗಣೆ. ಆ ಏಳು ಸಂಖ್ಯೆಗಳು ಅದನ್ನು ತಿರುಗಿಸುವ ಅಳತೆ.

ಸರಿ, ಆದರೆ ಭಾಗಿಸುವುದು ಯಾಕೆ? ಕಾಗದದ ಮೇಲೆ ಬಿಡಿಸಿ ನೋಡಿದ ಲೆಕ್ಕ ಇದು. ಬಜೆಟ್ 11 ರೂಪಾಯಿ. ನಾಲ್ಕು ಜಾಗಗಳು ಇದೇ ಕ್ರಮದಲ್ಲಿ ಬರುತ್ತವೆ. (ನಿಜವಾದ ಬೆಲೆಗಳನ್ನು ಸಾವಿರ ಸಲ ತೋರಿಸುವುದಕ್ಕೆ ಇಷ್ಟು ಅಂತ ಹೇಳುತ್ತಾರೆ. ಸುಲಭವಾಗಲಿ ಅಂತ ದೊಡ್ಡದು ಮಾಡಿದ್ದೇನೆ.)

ಅ: ಮೌಲ್ಯ 4, ಬೆಲೆ 3.5
ಆ: ಮೌಲ್ಯ 8, ಬೆಲೆ 2
ಇ: ಮೌಲ್ಯ 6, ಬೆಲೆ 3
ಈ: ಮೌಲ್ಯ 9, ಬೆಲೆ 6

ಬೆಲೆ ಅಂದರೆ ಉಳಿದವರು ಕೂಗಿದ್ದರಲ್ಲಿ ದೊಡ್ಡದು. ವಿಕ್ರಿ ಹೇಳಿದ ಹಾಗೆ ಮೌಲ್ಯವನ್ನೇ ಕೂಗಿದರೆ ಅ, ಆ, ಇ ಮೂರೂ ನಮ್ಮವು. 8.5 ರೂಪಾಯಿ ಖರ್ಚು. 'ಈ' ಜಾಗ ಬರುವಾಗ ಕೈಯಲ್ಲಿ 2.5 ಮಾತ್ರ, ಕೈ ತಪ್ಪಿತು. ಒಟ್ಟು ಮೌಲ್ಯ 18. 'ಅ' ಬಿಟ್ಟು ಉಳಿದ ಮೂರನ್ನು ಕೊಂಡಿದ್ದರೆ ಸರಿಯಾಗಿ 11 ರೂಪಾಯಿಗೆ 23 ಸಿಗುತ್ತಿತ್ತು.

'ಅ' ಯಾಕೆ ಬಿಡಬೇಕು? ರೂಪಾಯಿಗೆ ಅದರಲ್ಲಿ ಸಿಗುವುದು 1.14 ಅಷ್ಟೆ. 'ಆ' 4, 'ಇ' 2, 'ಈ' 1.5 ಕೊಡುತ್ತವೆ. ರೂಪಾಯಿಗೆ ಜಾಸ್ತಿ ಕೊಡುವುದನ್ನು ಮೊದಲು ಕೊಳ್ಳಬೇಕು. ಇದು ಚೀಲ ತುಂಬಿಸುವ ಹಳೇ ಲೆಕ್ಕ, ನ್ಯಾಪ್‌ಸ್ಯಾಕ್.

ಇಲ್ಲೇ ನನ್ನ ತಲೆ ನಿಂತಿದ್ದು. ಬೆಲೆ ಗೊತ್ತಾಗುವುದು ಹರಾಜು ಮುಗಿದ ಮೇಲೆ. ಬಿಡ್ ಹಾಕುವಾಗಲೇ ಮೌಲ್ಯವನ್ನು ಬೆಲೆಯಿಂದ ಭಾಗಿಸುವುದು ಹೇಗೆ?

ಭಾಗಿಸಬೇಕಾಗಿಯೇ ಇಲ್ಲ. ನಾವು ಗೆಲ್ಲುವುದು ಬಿಡ್ ಬೆಲೆಗಿಂತ ಹೆಚ್ಚಿದ್ದಾಗ. ಅಂದರೆ ಮೌಲ್ಯ ÷ ಲ್ಯಾಂಬ್ಡಾ > ಬೆಲೆ. ಎರಡೂ ಕಡೆ ಲ್ಯಾಂಬ್ಡಾದಿಂದ ಗುಣಿಸಿ, ಬೆಲೆಯಿಂದ ಭಾಗಿಸಿ: ಮೌಲ್ಯ ÷ ಬೆಲೆ > ಲ್ಯಾಂಬ್ಡಾ. ಅಷ್ಟೇ! ರೂಪಾಯಿಗೆ ಲ್ಯಾಂಬ್ಡಾಗಿಂತ ಹೆಚ್ಚು ಕೊಡುವ ಜಾಗ ತಾನಾಗಿ ನಮ್ಮದಾಗುತ್ತದೆ, ಉಳಿದದ್ದು ತಾನಾಗಿ ಸೋಲುತ್ತದೆ. ಬೆಲೆ ತಿಳಿಯದೆಯೇ ಜರಡಿ ಹಿಡಿದ ಹಾಗೆ. ಲ್ಯಾಂಬ್ಡಾ 1.2 ಇಟ್ಟು ನೋಡಿ. 'ಅ'ಗೆ ಬಿಡ್ 3.33, ಸೋಲು. 'ಆ'ಗೆ 6.67, 'ಇ'ಗೆ 5, 'ಈ'ಗೆ 7.5, ಮೂರೂ ಗೆಲುವು. ಖರ್ಚು 11.

ನನ್ನ ಗೊಂದಲ ಇನ್ನೂ ಒಂದಿತ್ತು: ಲ್ಯಾಂಬ್ಡಾ ಏರಿದರೆ ಬಿಡ್ ಇಳಿಯುತ್ತದೆ. ನಾನು ಕೋಡ್‌ನಲ್ಲಿ ಭಾಗಿಸುವ ಬದಲು ಗುಣಿಸಿಬಿಟ್ಟಿದ್ದೆ. ದುಡ್ಡು ಬೇಗ ಖಾಲಿಯಾಗುತ್ತಿದೆ ಅಂತ ಏಜೆಂಟ್ ಲ್ಯಾಂಬ್ಡಾ ಏರಿಸಿದಷ್ಟೂ ಇನ್ನೂ ಬೇಗ ಖಾಲಿ. ಒಂದು ಸಂಜೆ ಪೂರ್ತಿ ನ್ಯೂರಲ್ ನೆಟ್‌ವರ್ಕನ್ನು ಬೈದುಕೊಂಡು ಕಳೆದೆ. ಈಗ ಲ್ಯಾಂಬ್ಡಾ ಅಂದರೆ 'ಜಿಪುಣತನ' ಅಂತ ನೆನಪಿಟ್ಟುಕೊಂಡಿದ್ದೇನೆ. ಜಿಪುಣತನ ಜಾಸ್ತಿ, ಬಿಡ್ ಕಡಿಮೆ.

ಹಾಗಾದರೆ ಕಲಿಯುವುದೇನು?

1.2 ಸರಿ ಅಂತ ನನಗೆ ಗೊತ್ತಾದದ್ದು ನಾಲ್ಕೂ ಬೆಲೆ ಕಣ್ಣೆದುರಿಗೆ ಇದ್ದುದರಿಂದ. ನಿಜವಾದ ದಿನದಲ್ಲಿ ಸಂಜೆಯ ಬೆಲೆ ಬೆಳಿಗ್ಗೆ ಯಾರಿಗೂ ತಿಳಿಯದು. ಆದ್ದರಿಂದ ಡಿಆರ್‌ಎಲ್‌ಬಿ ದಿನವನ್ನು 15 ನಿಮಿಷದ 96 ತುಂಡು ಮಾಡುತ್ತದೆ. ಪ್ರತಿ ತುಂಡಿಗೆ ಒಮ್ಮೆ ಏಜೆಂಟ್ ಉಳಿದ ಹೊತ್ತು, ಉಳಿದ ದುಡ್ಡು, ಖರ್ಚಿನ ವೇಗ, ಎಷ್ಟು ಹರಾಜು ಗೆದ್ದೆವು ಇಂಥವನ್ನು ನೋಡಿ ಲ್ಯಾಂಬ್ಡಾವನ್ನು ಆ ಏಳರಲ್ಲಿ ಒಂದು ಪ್ರಮಾಣದಷ್ಟು ಬದಲಿಸುತ್ತದೆ. ಆ ತುಂಡಿನ ಹರಾಜುಗಳಿಗೆಲ್ಲ ಅದೇ ಲ್ಯಾಂಬ್ಡಾ. 8% ಸಣ್ಣದು ಅನ್ನಿಸಿತ್ತು. ಆದರೆ 1.2ರಿಂದ ಮೂರು ಸಲ ಏರಿಸಿದರೆ 1.51 ದಾಟುತ್ತದೆ, 'ಈ' ಜಾಗದ ಬಿಡ್ 5.95ಕ್ಕೆ ಇಳಿದು ಅದೂ ಕೈ ತಪ್ಪುತ್ತದೆ. ಮುಕ್ಕಾಲು ಗಂಟೆಯ ಕೆಲಸ.

ರಿವಾರ್ಡ್ ಬಗ್ಗೆ ಒಂದು ಎಚ್ಚರಿಕೆ. ಆ 15 ನಿಮಿಷದಲ್ಲಿ ಗೆದ್ದ ಮೌಲ್ಯವನ್ನೇ ರಿವಾರ್ಡ್ ಮಾಡಿದರೆ ಏಜೆಂಟ್ ಲ್ಯಾಂಬ್ಡಾ ಇಳಿಸಿ ಸಿಕ್ಕಿದ್ದೆಲ್ಲ ಬಾಚಿಕೊಳ್ಳುವ ಕಡೆಗೆ ವಾಲುತ್ತದೆ. ಬೆಳಿಗ್ಗೆಯೇ ಜೇಬು ಖಾಲಿ. ತತ್ವದಲ್ಲಿ ಮುಂದಿನ ರಿವಾರ್ಡುಗಳೂ ಲೆಕ್ಕಕ್ಕೆ ಬರುವುದರಿಂದ ಇದು ತಾನಾಗಿ ಸರಿಹೋಗಬೇಕು, ಆದರೆ ಅಷ್ಟು ದೂರ ಕಲಿಯುವ ಮುಂಚೆಯೇ ಏಜೆಂಟ್ ದುರಾಸೆಯಲ್ಲಿ ನೆಲೆ ನಿಂತುಬಿಡುತ್ತದೆ. ಅಲಿಬಾಬಾದವರು ಕಂಡುಕೊಂಡ ದಾರಿ ನನಗೆ ತುಂಬಾ ಹಿಡಿಸಿತು: ಒಂದು ಸ್ಟೇಟ್-ಆಕ್ಷನ್ ಜೋಡಿಗೆ, ಅದು ಬಂದಿದ್ದ ದಿನಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹೋದ ದಿನದ ಒಟ್ಟು ಗಳಿಕೆಯನ್ನೇ ರಿವಾರ್ಡ್ ಆಗಿ ಕೊಡುವುದು. ಇದನ್ನು ಅಂದಾಜಿಸಲು ಇನ್ನೊಂದು ನೆಟ್‌ವರ್ಕ್ ಇದೆ, ಹೆಸರು ರಿವಾರ್ಡ್‌ನೆಟ್.

ಅಭ್ಯಾಸಕ್ಕೆ ಚೀನಾದ ಜಾಹೀರಾತು ಕಂಪನಿ ಐಪಿನ್‌ಯೂದ ಹರಾಜಿನ ಡೇಟಾ ಒಳ್ಳೆಯದು, 2013ರ ಸ್ಪರ್ಧೆಗೆ ಬಿಟ್ಟದ್ದು. ನೆನಪಿಡಿ, ಗೆದ್ದ ಹರಾಜಿನ ಬೆಲೆ ಮಾತ್ರ ಅದರಲ್ಲಿದೆ. ಸೋತದ್ದರ ಬೆಲೆ ಇಲ್ಲ.

ಕೊನೆಯದಾಗಿ, ಮೊದಲ ಬೆಲೆಯ ಹರಾಜು. ವೆಬ್‌ಸೈಟ್‌ಗಳ ಜಾಹೀರಾತಿನ ಜಾಗ ಮಾರುವ ಗೂಗಲ್ ಆ್ಯಡ್ ಮ್ಯಾನೇಜರ್ 2019ರಲ್ಲಿ ಇದಕ್ಕೆ ಬದಲಾಯಿತು. ಇಲ್ಲಿ ಕೂಗಿದ್ದನ್ನೇ ಕೊಡಬೇಕು. ನನ್ನ ಅದೇ ನಾಲ್ಕು ಜಾಗ, ಅದೇ 1.2 ಇಟ್ಟುಕೊಂಡರೆ 'ಆ' ಜಾಗ ಒಂದಕ್ಕೇ 6.67 ಹೋಗುತ್ತದೆ, 2 ರೂಪಾಯಿಯ ಜಾಗಕ್ಕೆ! ಉಳಿಯುವುದು 4.33. 'ಇ'ಗೆ 5 ಕೂಗಲು ಆಗುವುದಿಲ್ಲ. ಹಾಗಾಗಿ ಗೆಲ್ಲಲು ಬೇಕಾದಷ್ಟಕ್ಕೆ ಮಾತ್ರ ಬಿಡ್ ತಗ್ಗಿಸಬೇಕು. ಬಿಡ್ ಶೇಡಿಂಗ್ ಅನ್ನುವುದು ಅದನ್ನೇ. ಅಲ್ಲಿ ಬೆಲೆ ತಿಳಿಯದೆ ಜರಡಿ ಹಿಡಿಯುವ ನನ್ನ ಉಪಾಯ ನಡೆಯುವುದಿಲ್ಲ. ಬೆಲೆಯನ್ನು ಊಹಿಸಲೇಬೇಕು.